ಮುದತ್ತಿನ ಮನೆ

ಮನೆ ಕೊಳ್ಳುವುದು ಲಾಭವೋ, ಬಾಡಿಗೆಗೆ ಇರುವುದು ಲಾಭವೋ ಎಂದು ನನ್ನ ಮಕ್ಕಳು ಈಗಲೂ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ವಾದ ಮಾಡುತ್ತಾರೆ. ನಾನಾಗಿ ಬಾಯಿ ಹಾಕುವುದಿಲ್ಲ. ಕೇಳಿದರೆ ಮಾತ್ರ, ಕೊಳ್ಳಿ ಎನ್ನುತ್ತೇನೆ. ನೀನು ಹೇಗೆ ಕೊಂಡೆ ಎಂದು ಇದುವರೆಗೆ ಯಾರೂ ಕೇಳಿಲ್ಲ. ಯಾರೂ ಕೇಳದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಪಶ್ಚಾತ್ತಾಪ ಎಂದು ತಿಳಿಯಬೇಡಿ. ಪಶ್ಚಾತ್ತಾಪ ಪಟ್ಟವರು ಮನೆ ಬಿಟ್ಟುಕೊಡುತ್ತಾರೆ. ನಾನು ಅದೇ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಮದುವೆಯಾಗಿ ಬೀದರ್ ಜಿಲ್ಲೆಯ ನಮ್ಮೂರಿನಿಂದ ನಾಸಿಕ್‌ಗೆ ಬಂದಾಗ ನನಗೆ ಹತ್ತೊಂಬತ್ತು ವರ್ಷ. ಅರವತ್ತರ ದಶಕ ಇನ್ನೂ ಅರ್ಧ ಕಳೆದಿರಲಿಲ್ಲ. ನಮ್ಮ ಮನೆಯವರು ಸರ್ಕಾರಿ ಕಚೇರಿಯಲ್ಲಿ ಲೆಕ್ಕದ ಗುಮಾಸ್ತರು. ಹೈದರಾಬಾದ್ ಸರ್ಕಾರದ ಕಾಲದಲ್ಲಿ ಕೆಲಸಕ್ಕೆ ಸೇರಿದವರು. ರಾಜ್ಯಗಳನ್ನು ಹಂಚಿದಾಗ ಮೇಜು ಕುರ್ಚಿಗಳ ಜೊತೆ ಇವರೂ ಮರಾಠಿ ಕಡೆಯ ಪಾಲಿಗೇ ಉಳಿದುಬಿಟ್ಟರು. ಲೆಕ್ಕ ಬಿಟ್ಟರೆ ಇವರಿಗೆ ಬೇರೆ ಚಟ ಇರಲಿಲ್ಲ. ಸಿಟ್ಟು ಬಂದರೆ ಮಾತ್ರ ಓಣಿಗೆಲ್ಲ ಕೇಳುವಷ್ಟು ದೊಡ್ಡ ಗಂಟಲು.

ನಾಸಿಕ್‌ನ ಹಳೆ ಊರಿನಲ್ಲಿ, ನದಿಯಿಂದ ಎರಡು ಗಲ್ಲಿ ಆಚೆ ನಮ್ಮ ವಾಡೆ. ನಡುವೆ ಅಂಗಳ, ಸುತ್ತ ಎಂಟು ಬಿಡಾರ. ಮಹಡಿಯ ಮೇಲೆ ನಮ್ಮದು ಒಂದೂವರೆ ಕೋಣೆ, ಅಲ್ಲಿಯ ಮಾತಿನಲ್ಲಿ ಖೋಲಿ, ಬಾಡಿಗೆ ಇಪ್ಪತ್ತೆರಡು ರೂಪಾಯಿ. ಮಾಲಕಿ ಕೆಳಗೆ ತಲೆಬಾಗಿಲ ಪಕ್ಕದಲ್ಲೇ ಇರುತ್ತಿದ್ದಳು. ನಲ್ಲಿಯ ನೀರು ಬೆಳಿಗ್ಗೆ ಆರರಿಂದ ಏಳು. ಏಳಾಯಿತೆಂದರೆ ಕೊಡ ಅರ್ಧ ತುಂಬಿದ್ದರೂ ಆಕೆ ತಾನೇ ಬಂದು ನಲ್ಲಿ ತಿರುವಿಬಿಡುತ್ತಿದ್ದಳು. ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಅವಳ ಅಪ್ಪಣೆ ಬೇಕು. ನಾನು ಮೇಲೆ ಖಾರ ಕುಟ್ಟಿದರೆ ಕೆಳಗಿನಿಂದ ಕೋಲು ತೆಗೆದುಕೊಂಡು ತೊಲೆಗೆ ಬಡಿಯುತ್ತಿದ್ದಳು. ಬಾಡಿಗೆಯ ಕಾನೂನು ಇದ್ದದ್ದರಿಂದ ಅವಳು ಬಾಡಿಗೆ ಏರಿಸುವಂತಿರಲಿಲ್ಲ, ನಮ್ಮನ್ನು ಹೊರಗೆ ಹಾಕುವಂತೆಯೂ ಇರಲಿಲ್ಲ. ಆ ಸಂಕಟವನ್ನೆಲ್ಲ ಅವಳು ನಲ್ಲಿಯ ಮೇಲೆ ತೀರಿಸಿಕೊಳ್ಳುತ್ತಿದ್ದಳು.

ಮದುವೆಯಾದ ಎರಡನೆಯ ವರ್ಷ ಅಪ್ಪ ನನ್ನನ್ನು ನೋಡಲು ಬಂದ. ಒಳಗೆ ಜಾಗವಿಲ್ಲವೆಂದು ಮಹಡಿಯ ಪಡಸಾಲೆಯಲ್ಲಿ ಹಾಸಿಗೆ ಹಾಸಿಕೊಂಡು ಮಲಗಿದ. ಮೂರನೆಯ ದಿನ ಬೆಳಿಗ್ಗೆ ಮಾಲಕಿ ಅಂಗಳದ ನಡುವೆ ನಿಂತು, ಎಂಟು ಬಿಡಾರಕ್ಕೂ ಕೇಳುವ ಹಾಗೆ, ಖೋಲಿ ಕೊಟ್ಟದ್ದು ಇಬ್ಬರಿಗೆ, ಈ ಮೂರನೆಯವನು ಇನ್ನೆಷ್ಟು ದಿನ ಪಾಯಖಾನೆ ಬಳಸುತ್ತಾನೆ ಎಂದು ಮರಾಠಿಯಲ್ಲಿ ಕೇಳಿದಳು. ಅಪ್ಪ ಬೀದರಿನ ಕಡೆಯವನು, ಅವನಿಗೆ ಮರಾಠಿ ಚೆನ್ನಾಗಿಯೇ ಬರುತ್ತಿತ್ತು. ಹಾಸಿಗೆ ಸುತ್ತಿದ. "ಹೊಲದಾಗ ಕೆಲಸ ಅದ ಮಗಳ, ನಾ ಹೋಗ್ತೀನಿ" ಅಂದ. ಆ ತಿಂಗಳಲ್ಲಿ ಹೊಲದಲ್ಲಿ ಏನೂ ಕೆಲಸ ಇರುವುದಿಲ್ಲ. ಅವನನ್ನು ಬಸ್ಸಿಗೆ ಹತ್ತಿಸಿ ಬಂದು ನಾನು ಇವರಿಗೆ ಹೇಳಿದೆ, "ನನಗ ಸ್ವಂತ ಮನಿ ಬೇಕ್ರಿ."

ಇವರು ಕ್ಯಾಲೆಂಡರಿನ ಹಳೆ ಹಾಳೆ ಹರಿದು ಅದರ ಹಿಂಭಾಗದಲ್ಲಿ ಬರೆಯಲು ಶುರು ಮಾಡಿದರು.

"ಹತ್ತು ಸಾವಿರ ಕೊಟ್ಟು ಒಂದು ಮನಿ ತಗೊಂಡ್ವಿ ಅನ್ಕೊ. ಅದಽ ಹತ್ತು ಸಾವಿರ ಬ್ಯಾಂಕಿನಾಗ ಇಟ್ರ ವರ್ಷಕ್ಕ ಆರ್ನೂರು ಬಡ್ಡಿ. ನಮ್ಮ ಬಾಡಿಗಿ ವರ್ಷಕ್ಕ ಇನ್ನೂರ ಅರವತ್ನಾಲ್ಕು. ಬಾಡಿಗಿ ಕೊಟ್ಟೂ ಮುನ್ನೂರ ಮೂವತ್ತಾರು ಕೈಯಾಗ ಉಳೀತದ. ಮನಿಪಟ್ಟಿ, ಸುಣ್ಣ, ಸೋರೋ ಮಾಳಗಿ, ಎಲ್ಲಾ ಮಾಲಕಂದು. ನಾಳಿ ವರ್ಗ ಆದ್ರ ಚೀಲ ಎತ್ಕೊಂಡು ನಡದ್ವಿ. ಸ್ವಂತ ಮನೀನ ಹೊತ್ಕೊಂಡು ಹೋಗ್ಲಿಕ್ಕಾಗ್ತದೇನ?"

ಆ ಹತ್ತು ಸಾವಿರ ನಮ್ಮ ಹತ್ತಿರ ಇರಲಿಲ್ಲ ಎಂಬುದು ಬೇರೆ ಮಾತು.

"ಬಡ್ಡಿ ಅಷ್ಟೇ ಇರ್ತದ, ಬಾಡಿಗಿ ಅಷ್ಟೇ ಇರ್ತದೇನ್ರಿ?" ಅಂದೆ. "ನಾ ಬಂದ ವರ್ಷ ತೊಗರಿಬ್ಯಾಳಿ ಎಷ್ಟಿತ್ತು, ಈಗ ಎಷ್ಟದ ನೀವೇ ಬರೀರಿ. ರೊಕ್ಕ ಬ್ಯಾಂಕಿನಾಗ ಕುಂತು ಸಣ್ಣದಾಗ್ತದ. ಗ್ವಾಡಿ ಸಣ್ಣದಾಗೂದಿಲ್ಲ."

"ಗ್ವಾಡಿ ಬೀಳ್ತದ" ಅಂದರು ಇವರು.

ಈ ಮಾತು ನಮ್ಮ ನಡುವೆ ಐದಾರು ವರ್ಷ ನಡೆಯಿತು. ಬೇರೆ ಗಂಡ ಹೆಂಡಿರು ಅತ್ತೆ ನಾದಿನಿಯರ ಮೇಲೆ ಜಗಳ ಆಡಿದರೆ ನಾವು ಬಡ್ಡಿಯ ಮೇಲೆ ಆಡುತ್ತಿದ್ದೆವು. ಇವರ ಲೆಕ್ಕದಲ್ಲಿ ತಪ್ಪು ಇರಲಿಲ್ಲ, ಅದು ನನಗೂ ಗೊತ್ತಿತ್ತು. ಅಪ್ಪ ಸುತ್ತಿದ ಹಾಸಿಗೆಯನ್ನು ಯಾವ ಕಾಲಮಿನಲ್ಲಿ ಬರೆಯುವುದು ಎಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ.

ಅರವತ್ತರ ದಶಕದ ಕೊನೆಗೆ ಇವರಿಗೆ ಔರಂಗಾಬಾದ್‌ಗೆ ವರ್ಗವಾಯಿತು. ಈಗ ಅದು ಛತ್ರಪತಿ ಸಂಭಾಜಿನಗರ. ಚೀಲ ಎತ್ತಿಕೊಂಡು ನಡೆದೆವು, ಇವರು ಹೇಳಿದ ಹಾಗೆಯೇ. ಆದರೆ ಹೊಸ ಊರಿನಲ್ಲಿ ಹಳೆಯ ಬಾಡಿಗೆ ಸಿಗುವುದಿಲ್ಲವಲ್ಲ. ಎರಡು ಖೋಲಿಗೆ ಮೂವತ್ತೈದು, ನಲವತ್ತು ಕೇಳಿದರು. ಇವರ ಕ್ಯಾಲೆಂಡರಿನ ಲೆಕ್ಕ ಅಲ್ಲಿ ಮೊದಲ ಬಾರಿ ಕುಂಟಿತು. ನನಗೆ ಒಳಗೊಳಗೇ ಖುಷಿಯಾಯಿತು.

ಆಗ ಕಚೇರಿಯಲ್ಲಿ ಯಾರೋ ಆಯಿಯ ಮನೆಯ ವಿಷಯ ಹೇಳಿದರು. ನಾವಿಬ್ಬರೂ ಹೋಗಿ ನೋಡಿದೆವು. ಆಯಿ ಎಂದರೆ ನಮ್ಮ ಕಡೆ ಅಜ್ಜಿ. ಅವಳನ್ನು ಮೊದಲ ದಿನವೇ ಹಾಗೆ ಕರೆದೆ. ಅವಳೂ ನಮ್ಮ ಬೀದರಿನ ಕಡೆಯಿಂದಲೇ ಮದುವೆಯಾಗಿ ಬಂದವಳು, ನಮ್ಮ ಹಾಗೆಯೇ ವಿಭೂತಿ ಹಚ್ಚುವವಳು. ಗಂಡನದು ಬಟ್ಟೆಯ ಅಂಗಡಿ ಇತ್ತು. ಅವನು ಅಂಗಡಿಯ ಸಾಲ ಬಿಟ್ಟು ಸತ್ತ. ಒಬ್ಬನೇ ಮಗ, ಇಗತಪುರಿಯಲ್ಲಿ ರೈಲ್ವೆಯಲ್ಲಿದ್ದ, ಅಲ್ಲಿ ಒಂದೇ ಖೋಲಿಯ ಕ್ವಾರ್ಟರ್ಸ್. ಕನ್ನಡ ಎಂದೇ ಹೆಸರಿನ ತಾಲೂಕು ಊರಿನ ಪಕ್ಕ ಎರಡು ಎಕರೆ ಹೊಲ, ಮತ್ತು ಈ ಮನೆ. ಇಷ್ಟು ಅವಳ ಆಸ್ತಿ. ಸಾಲ ಕೊಟ್ಟವರ ಬಾಯಿ ಮುಚ್ಚಿಸಲು ಅವಳಿಗೆ ಆರು ಸಾವಿರ ಬೇಕಿತ್ತು.

ಸಾಲಾಗಿ ಮೂರು ಖೋಲಿ, ಮೇಲೆ ತಗಡು, ಮುಂದೆ ಸಣ್ಣ ಅಂಗಳ, ಅಂಗಳದಲ್ಲಿ ಸ್ವಂತ ನಲ್ಲಿ. ನಾನು ಹೋದವಳೇ ಆ ನಲ್ಲಿ ತಿರುವಿ ನೋಡಿದೆ. ಹನ್ನೊಂದು ಗಂಟೆಯ ಹೊತ್ತಿನಲ್ಲೂ ನೀರು ಬಂತು.

ಪೇಟೆಯ ಬೆಲೆಗೆ ಅದು ಹತ್ತು ಸಾವಿರದ ಮನೆ. ಆದರೆ ಆಯಿ ಮಾರಲು ಒಪ್ಪಲಿಲ್ಲ, ಮುದತ್ ಖರೀದಿಗೆ, ಎಂದರೆ ಗಡುವಿನ ಮೇಲೆ, ಕೊಡುತ್ತೇನೆ ಎಂದಳು. ಕಾಗದದಲ್ಲಿ ಮನೆ ನಮಗೆ ಮಾರಿದ ಹಾಗೆಯೇ. ಆದರೆ ನಾಲ್ಕು ವರ್ಷದೊಳಗೆ, ಬರೆದ ದಿನದ ಒಳಗೆ, ಅವಳು ಆರು ಸಾವಿರ ತಿರುಗಿ ಕೊಟ್ಟರೆ ನಾವು ಮನೆ ಅವಳ ಹೆಸರಿಗೆ ತಿರುಗಿ ಬರೆದುಕೊಡಬೇಕು. ಬಡ್ಡಿ ಇಲ್ಲ, ಬಡ್ಡಿಯ ಬದಲು ನಮಗೆ ಅಲ್ಲಿ ವಾಸ. ಆ ದಿನ ದಾಟಿದರೆ ಮನೆ ಕಾಯಂ ನಮ್ಮದು. ಹಿಂದಿನ ಖೋಲಿಯಲ್ಲಿ ಅವಳು ಇರುವುದು, ಅದಕ್ಕೆ ತಿಂಗಳಿಗೆ ಎಂಟು ರೂಪಾಯಿ ನಮಗೆ ಬಾಡಿಗೆ ಕೊಡುವುದು.

ಇವರ ಮುಖ ಅರಳಿದ್ದನ್ನು ನಾನು ಅಷ್ಟು ವರ್ಷದಲ್ಲಿ ಮೊದಲ ಸಲ ನೋಡಿದೆ. "ನಾಲ್ಕು ವರ್ಷ ಪುಕ್ಕಟ ಮನಿ. ಮ್ಯಾಲೆ ತಿಂಗಳಾ ಎಂಟು ರೂಪಾಯಿ. ಕಡೀಕ ರೊಕ್ಕ ಹಾಂಗಽ ತಿರುಗಿ ಬರ್ತದ. ಬ್ಯಾಂಕಿಗಿಂತ ಛಲೋ!" ನಮ್ಮ ಉಳಿತಾಯ ಮೂರು ಸಾವಿರ, ಭವಿಷ್ಯ ನಿಧಿಯಿಂದ ತೆಗೆದದ್ದು ಸಾವಿರದ ಎಂಟುನೂರು, ಅಪ್ಪ ಕೊಟ್ಟದ್ದು ಸಾವಿರದ ಇನ್ನೂರು. ಆರು ಸಾವಿರ ಹೊಂದಿತು, ಕಾಗದ ಆಯಿತು. ಇವರ ಪಾಲಿಗೆ ಅದು ತಗಡು ಹೊದಿಸಿದ ಬ್ಯಾಂಕು. ನಾನು ಮಾತ್ರ ಹೊಸ್ತಿಲಿಗೆ ಕುಂಕುಮ ಹಚ್ಚುವಾಗಲೇ ಈ ಮನೆ ಬಿಡುವುದಿಲ್ಲ ಎಂದುಕೊಂಡಿದ್ದೆ.

ಅಲ್ಲಿಗೆ ಹೋದ ಮೊದಲ ವರ್ಷವೇ ನಾನು ಹೆತ್ತೆ. ನನ್ನ ಅವ್ವ ಇರಲಿಲ್ಲ. ಆಯಿಯೇ ಬಾಣಂತನ ಮಾಡಿದಳು. ನಲವತ್ತು ದಿನ ಕೂಸಿಗೂ ನನಗೂ ಎಣ್ಣೆ ಹಚ್ಚಿ ಎರೆದಳು, ಸೊಂಟ ಬಿಗಿದು ಕಟ್ಟಿದಳು, ಬೆಳ್ಳುಳ್ಳಿ ಹಾಕಿ ಬಿಸಿ ಅನ್ನ ಉಣ್ಣಿಸಿದಳು. ಅದಕ್ಕೆ ಪ್ರತಿಯಾಗಿ ಏನಾದರೂ ತಗೊಳ್ಳಿರಿ ಎಂದರೆ ನಕ್ಕಳು. ಆ ತಿಂಗಳ ಎಂಟು ರೂಪಾಯಿ ಬಾಡಿಗೆಯನ್ನೂ ಕೊಟ್ಟಳು. ಇವರು ತಗೊಂಡರು, ಪುಸ್ತಕದಲ್ಲಿ ಬರೆದರು.

ಎರಡನೆಯ ವರ್ಷ ಇವರು ಕಚೇರಿಯ ಕ್ಯಾಂಪಿಗೆ ಹೋದಾಗ ನನ್ನ ನಾಲ್ಕು ಬಳೆಗಳಲ್ಲಿ ಎರಡನ್ನು ಮಾರಿ ಅಡುಗೆ ಖೋಲಿಗೂ ಅಂಗಳಕ್ಕೂ ಶಹಾಬಾದ್ ಕಲ್ಲು ಹಾಸಿಸಿದೆ. ತಿರುಗಿ ಬಂದವರು ಕಲ್ಲಿನ ಮೇಲೆ ಚಪ್ಪಲಿ ಬಿಡಲೂ ಮರೆತು ನಿಂತರು. ಮನೆಯ ತಗಡು ನಡುಗುವ ಹಾಗೆ ಕೂಗಿದರು.

"ಬಿಟ್ಟುಕೊಡೋ ಮನಿಗೆ ಬಂಗಾರ ಸುರೀತಾರೇನ? ರೊಕ್ಕ ತಂದ್ಳು ಅಂದ್ರ ಕಲ್ಲು ಕಿತ್ಕೊಂಡು ಹೋಗ್ತೀ ಏನ?"

ಅನ್ನದ ತಟ್ಟೆ ಎತ್ತಿ ಗೋಡೆಗೆ ಎಸೆದರು. ಹಿತ್ತಾಳೆಯ ತಟ್ಟೆ, ಬಿದ್ದು ಬಹಳ ಹೊತ್ತು ಗಿರ್ರನೆ ತಿರುಗಿತು. ಮರುದಿನ ಆಯಿ ನನ್ನ ಮುಖವನ್ನು ಎರಡು ಸಲ ನೋಡಿದಳು. ಆಮೇಲೆ ಕಲ್ಲಿನ ಮೇಲೆ ಕೂತು ಕೈಯಿಂದ ಸವರಿ, "ಛಂದ ಆಗ್ಯದ ಮಗಳ. ನಾ ಮನಿ ಬಿಡಿಸ್ಕೊಂಡಾಗ ಈ ಕಲ್ಲಿನ ರೊಕ್ಕಾನೂ ಕೊಡ್ತೀನಿ. ನೀ ಚಿಂತಿ ಮಾಡಬ್ಯಾಡ" ಅಂದಳು. ಎಷ್ಟು ಖರ್ಚಾಯಿತು ಎಂದು ಕೇಳಿ ತಿಳಿದುಕೊಂಡಳು. ಮುನ್ನೂರ ನಲವತ್ತು ಅಂದೆ.

ಮೂರನೆಯ ವರ್ಷದಿಂದ ಎಲ್ಲದರ ಬೆಲೆ ಏರತೊಡಗಿತು. ಎಣ್ಣೆ, ಬೇಳೆ, ಸೀಮೆಎಣ್ಣೆ, ಸಿಮೆಂಟು. ಊರ ಹೊರಗೆ ಕಾರ್ಖಾನೆಗಳು ಬಂದವು, ಅವುಗಳ ಹಿಂದೆ ಕೆಲಸಕ್ಕೆ ಜನ ಬಂದರು, ಜನಕ್ಕೆಲ್ಲ ಮನೆ ಬೇಕಾಯಿತು. ಒಬ್ಬ ದಲ್ಲಾಳಿ ನಮ್ಮ ಅಂಗಳಕ್ಕೇ ಬಂದು ಹದಿನಾಲ್ಕು ಸಾವಿರಕ್ಕೆ ಕೊಡುತ್ತೀರಾ ಎಂದು ಕೇಳಿದ. ಎರಡು ಖೋಲಿಯ ಬಾಡಿಗೆ ಅರವತ್ತರ ಮೇಲೆ ಹೋಗಿತ್ತು. ಇವರ ಬ್ಯಾಂಕಿನ ಬಡ್ಡಿ ಎಲ್ಲಿತ್ತೋ ಅಲ್ಲೇ ಇತ್ತು. ನಾನು ನಾಸಿಕ್‌ನಲ್ಲಿ ಹೇಳಿದ್ದೆಲ್ಲ ನಿಜವಾಗಿತ್ತು, ಆದರೆ ಗೆದ್ದ ಮನೆ ಇನ್ನೊಬ್ಬಳದು. ಆಯಿ ನಾಲ್ಕು ವರ್ಷದ ಹಿಂದಿನ ಆರು ಸಾವಿರವನ್ನು ತಂದು ಕೊಟ್ಟರೆ ಅದರಲ್ಲಿ ಅಂಥ ಅರ್ಧ ಮನೆಯೂ ಬರುತ್ತಿರಲಿಲ್ಲ. ಮತ್ತೆ ಯಾರದೋ ವಾಡೆ, ಯಾರದೋ ನಲ್ಲಿ.

"ತಂದ್ರ ತಗೊಂಡು ಬರಕೊಡೂದು. ತರದಿದ್ರ ನಮ್ಮದು" ಅಂದರು ಇವರು. "ಕಾಗದದಾಗ ಹ್ಯಾಂಗ ಅದನೋ ಹಾಂಗ." ನಮ್ಮ ಮನೆಯವರನ್ನು ಮೋಸಗಾರ ಎಂದು ಯಾರೂ ಅನ್ನುವಂತಿಲ್ಲ. ಅವರಿಗೆ ದಯೆಯೂ ಇರಲಿಲ್ಲ, ಮೋಸವೂ ಇರಲಿಲ್ಲ, ಕಾಗದ ಇತ್ತು. ಆ ಎರಡೂ ಇದ್ದವಳು ನಾನು. ಒಂದನ್ನು ಖರ್ಚು ಮಾಡಲಿಲ್ಲ ಅಷ್ಟೇ.

ಮುದತ್ತು ಮುಗಿಯುವ ದಿನ ಶುಕ್ರವಾರ ಬಿತ್ತು. ಇವರಿಗೆ ಆ ವಾರ ಕ್ಯಾಂಪು. ಬುಧವಾರ ಹೊರಡುವ ಮುಂಚೆ ನನ್ನನ್ನು ಕೂಡಿಸಿಕೊಂಡು ಹೇಳಿದರು.

"ನಾ ಶುಕ್ರವಾರ ಸಂಜಿ ಬಸ್ಸಿಗೆ ಬರ್ತೀನಿ. ಅಷ್ಟರಾಗ ಆಯಿ ರೊಕ್ಕ ತಂದ್ರ ಎಣಿಸಿ ತಗೋ. ಪಾವತಿ ಚೀಟಿ ಬರದು ಸಹಿ ಮಾಡಿ ಪೆಟ್ಟಿಗ್ಯಾಗ ಇಟ್ಟೀನಿ, ಕೊಟ್ಟಬಿಡು. ನೀ ತಗೊಂಡ್ರ ನಾ ತಗೊಂಡಾಂಗ."

ಆಯಿ ಗುರುವಾರ ಬೆಳಿಗ್ಗೆಯೇ ಕನ್ನಡ ಊರಿಗೆ ಹೋಗಿದ್ದಳು, ಹೊಲ ಮಾರಲು. ಗಿರಾಕಿ ತಿಂಗಳಿನಿಂದ ಇಂದು ನಾಳೆ ಎನ್ನುತ್ತಿದ್ದವನು ಅಂದು ರಿಜಿಸ್ಟ್ರಿಗೆ ಒಪ್ಪಿದ್ದ. ಇದೆಲ್ಲವನ್ನೂ ಅವಳು ನನಗೆ ದಿನಾ ಬಂದು ಹೇಳುತ್ತಿದ್ದಳು. ಗಿರಾಕಿ ಕೈಕೊಡಲಿ ಎಂದು ನಾನು ದಿನಾ ಬೇಡಿಕೊಳ್ಳುತ್ತಿದ್ದೆ. ಗಿರಾಕಿ ಕೈಕೊಡಲಿಲ್ಲ.

ಸಂಜೆ ಐದೂವರೆಗೆ ಓಣಿಯ ತುದಿಯಲ್ಲಿ ಅವಳು ಬರುವುದು ಕಾಣಿಸಿತು. ಬಟ್ಟೆಯ ಚೀಲವನ್ನು ಹೊಟ್ಟೆಗೆ ಅವುಚಿಕೊಂಡು, ಬಸ್ಸಿನ ಧೂಳೆಲ್ಲ ಮೈಮೇಲೆ ಹೊತ್ತು ಬರುತ್ತಿದ್ದಳು. ನಡಿಗೆ ನೋಡಿದರೆ ಸಾಕು, ರೊಕ್ಕ ಸಿಕ್ಕಿದೆ ಎಂದು ತಿಳಿಯುತ್ತಿತ್ತು. ಅಂಗಳದ ಕಲ್ಲಿನ ಮೇಲೆ ಇನ್ನೂ ಬಿಸಿಲಿತ್ತು. ನಾನು ಒಳಗೆ ಹೋದೆ. ದೇವರ ಗೂಡಿನ ಮುಂದೆ ಕೂತು ದೀಪ ಹಚ್ಚಿದೆ. ಒಂದೇ ಕಡ್ಡಿಗೆ ಹತ್ತಿತು.

ಏಕೆ ಹಚ್ಚಿದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ದೀಪ ಹಚ್ಚಿದ ಮೇಲೆ ಮನೆಯಿಂದ ಲಕ್ಷ್ಮಿ ಹೊರಗೆ ಹೋಗಬಾರದು ಎಂದು ಆಯಿ ಒಂದು ರೂಪಾಯಿ ಕೂಡ ಯಾರಿಗೂ ಕೊಡುತ್ತಿರಲಿಲ್ಲ. ಹೆಪ್ಪಿಗೆ ಮೊಸರು ಕೇಳಿದರೂ ನಾಳೆ ಬಾ ಎನ್ನುತ್ತಿದ್ದಳು. ಶುಕ್ರವಾರವಂತೂ ಇಡೀ ದಿನ ಗಂಟು ಬಿಚ್ಚುತ್ತಿರಲಿಲ್ಲ. ಅಂಗಡಿಯವರ ಮನೆಯಲ್ಲಿ ಬಾಳಿದವಳು.

"ಮಗಳ, ತಂದೀನವ್ವ!" ಎನ್ನುತ್ತಲೇ ಒಳಗೆ ಬಂದಳು. "ಆರು ಸಾವಿರ. ನಿನ್ನ ಕಲ್ಲಿನ ಮುನ್ನೂರ ನಲವತ್ತು ಬ್ಯಾರೆ ಕಟ್ಟೀನಿ. ಎಣಿಸ್ಕೊ."

"ಅಯ್ಯ ಆಯಿ, ಈಗಷ್ಟೇ ದೀಪ ಹಚ್ಚಿದ್ನಲ್ರಿ."

ಅವಳು ಗೂಡಿನ ಕಡೆ ನೋಡಿದಳು, ಅಂಗಳದ ಬಿಸಿಲಿನ ಕಡೆ ನೋಡಿದಳು. "ಇಷ್ಟು ಲಗೂ?"

"ಕೂಸಿನ ಮೈ ಬೆಚ್ಚಗಿತ್ತುರಿ. ಮನಸಿಗೆ ಸಮಾಧಾನ ಇರಲಿಲ್ಲ, ಅದಕ್ಕ ದೇವರ ಮುಂದ ಹಚ್ಚಿಬಿಟ್ಟೆ."

ಚೀಲವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅವಳು ಮೊದಲು ಕೂಸಿನ ಹಣೆ ಮುಟ್ಟಲು ಹೋದಳು. ಹಣೆ ತಣ್ಣಗಿತ್ತು. "ಈಗ ಇಳದದ" ಎಂದು ಅವಳೇ ಸಮಾಧಾನ ಹೇಳಿದಳು. ಆಮೇಲೆ ಕೂತು ಯೋಚನೆಗೆ ಬಿದ್ದಳು.

"ಹಂಗಾರ ನಾಳಿ ಅಂದ್ರ ಶುಕ್ರವಾರ ಆತಲ್ಲ ಮಗಳ. ಕಾಗದದಾಗ ನಾಳಿ ತನಕ ಅಂತ ಬರದದ."

ಅಲ್ಲಿ ನಾನು ಸುಮ್ಮನಿದ್ದಿದ್ದರೆ ಅವಳು ಶುಕ್ರವಾರವನ್ನೂ ಮುರಿದು, ದೇವರಿಗೆ ತಪ್ಪಾಯಿತು ಎಂದು ಗಲ್ಲ ಬಡಿದುಕೊಂಡು ಕೊಟ್ಟುಬಿಡುತ್ತಿದ್ದಳೇನೋ. ನಾನು ಸುಮ್ಮನಿರಲಿಲ್ಲ.

"ಕಾಗದ ಬರದವರು ನಾವೇ ಅಲ್ಲೇನ್ರಿ ಆಯಿ? ಶನಿವಾರ ಮುಂಜಾನೆ ಕೊಡ್ರಿ, ಇವರೂ ಬಂದಿರ್ತಾರ. ಶುಕ್ರವಾರ ಲಕ್ಷ್ಮೀನ ಹೊರಗ ಹಾಕಿ ಸ್ವಂತ ಮನಿಗೆ ಹ್ಯಾಂಗ ತಿರುಗಿ ಬರ್ತೀರಿ? ಒಂದು ದಿನಕ್ಕ ಏನಾಗ್ತದ, ನಾವೇನು ಹೊರಗಿನವರೇ?"

ಅವಳ ಮುಖ ತಿಳಿಯಾಯಿತು. "ಖರೇ ಅಂದಿ. ನಮ್ಮ ಅಂಗಡ್ಯಾಗೂ ಹಾಂಗೇ ಇತ್ತು. ಶುಕ್ರವಾರದ ವಾಯಿದೆ ಶನಿವಾರಕ್ಕ ನಡೀತಿತ್ತು, ನಮ್ಮ ಮನಿಯವರು ಯಾರಿಗೂ ಒಂದು ಮಾತು ಅಂದವರಲ್ಲ" ಎನ್ನುತ್ತ ಚೀಲ ಎತ್ತಿಕೊಂಡು ತನ್ನ ಖೋಲಿಗೆ ಹೋದಳು.

ಶುಕ್ರವಾರ ಅವಳು ಹೋಳಿಗೆ ಮಾಡಿದಳು. ಮನೆ ಬಿಡಿಸಿಕೊಂಡ ಸಂತೋಷಕ್ಕೆ. ಮಗನನ್ನು ಕರೆಸಿ ನಡುವಿನ ಖೋಲಿಯಲ್ಲಿ ಸತ್ಯನಾರಾಯಣ ಮಾಡಿಸಬೇಕೋ ಜಂಗಮರಿಗೆ ಊಟ ಹಾಕಬೇಕೋ ಎಂದು ನನ್ನನ್ನೇ ಕೇಳಿದಳು. ಬಿಸಿ ಹೋಳಿಗೆಯ ಮೇಲೆ ತುಪ್ಪ ಸುರಿದು ಕೊಡುತ್ತ, "ನಿಮಗ ಛಲೋ ಮನಿ ಸಿಗೋ ತನಕ ಇಲ್ಲೇ ಇರ್ರಿ. ಆರು ತಿಂಗಳಾಗ್ಲಿ, ವರ್ಷಾಗ್ಲಿ. ನಾ ಏನು ಬಾಡಿಗಿ ತಗೋಳೂದಿಲ್ಲ" ಅಂದಳು. ನಾನು ಎರಡು ಹೋಳಿಗೆ ತಿಂದೆ. ಹೂರಣಕ್ಕೆ ಏಲಕ್ಕಿ ಚೆನ್ನಾಗಿ ಹಾಕಿದ್ದಳು.

ಇವರು ಬರುವ ಹೊತ್ತಿಗೆ ಅವಳು ಬಾಗಿಲು ಹಾಕಿ ಮಲಗಿದ್ದಳು. ಚೀಲ ಇಳಿಸುವ ಮುಂಚೆಯೇ ಕೇಳಿದರು, "ತಂದ್ಳೇನು?"

"ಇಲ್ರಿ" ಅಂದೆ.

ಪೆಟ್ಟಿಗೆ ತೆಗೆದು ಪಾವತಿ ಹೊರಗೆ ತೆಗೆದು ಹರಿದರು. ಹೊಟ್ಟೆ ತುಂಬ ಉಂಡು ಮಲಗಿದರು.

ಶನಿವಾರ ಬೆಳಿಗ್ಗೆ ಆಯಿ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ತೊಳೆದ ಬಿಳಿ ಸೀರೆ ಉಟ್ಟು ಬಂದಳು. ಇವರ ಮುಂದೆ ಗಂಟು ಇಟ್ಟಳು. ಇವರು ಗಂಟನ್ನು ಮುಟ್ಟಲಿಲ್ಲ. ಕಾಗದ ತಂದು, ಕನ್ನಡಕ ಹಾಕಿಕೊಂಡು, ದಿನದ ಮೇಲೆ ಬೆರಳಿಟ್ಟು ಓದಿದರು.

"ಆಯಿ, ಮುದತ್ತು ನಿನ್ನಿಗಿ ಮುಗೀತ್ರಿ. ನಿನ್ನಿ ಯಾಕ ಕೊಡ್ಲಿಲ್ಲ?"

"ನಿನ್ನಿ ಶುಕ್ರವಾರಲ್ಲೇನಪ್ಪ? ಗುರುವಾರನೇ ತಂದಿದ್ದೆ. ದೀಪ ಹಚ್ಚಿದ್ರು. ಅದಕ್ಕ ಮಗಳು ಶನಿವಾ—" ಎಂದು ನಗುತ್ತ ನನ್ನ ಕಡೆ ತಿರುಗಿದಳು.

ಇವರೂ ತಿರುಗಿದರು. ಗಂಟಲು ಏರಿತು. "ಗುರುವಾರ ತಂದಿದ್ಲಾ? ಶನಿವಾರ ಕೊಡ್ರಿ ಅಂತ ನೀ ಹೇಳಿದ್ದೇನು? ಖರೇ ಹೇಳು. ನೀ ಹೇಳಿದ್ರ ಅದು ನನ್ನ ಮಾತು. ಈಗಽ ತಗೊಂಡು ಬರಕೊಡ್ತೀನಿ."

ಇದನ್ನು ನೀವು ಸರಿಯಾಗಿ ಕೇಳಿಸಿಕೊಳ್ಳಬೇಕು. ನಾನು ಹೂಂ ಅಂದಿದ್ದರೆ ಸಾಕಿತ್ತು. ಅವರು ಕೂಗುತ್ತಿದ್ದರು, ಒಂದು ದಿನ ಊಟ ಬಿಡುತ್ತಿದ್ದರು, ಸೋಮವಾರ ಹೋಗಿ ಮನೆ ತಿರುಗಿ ಬರೆದುಕೊಡುತ್ತಿದ್ದರು. ಅಷ್ಟೇ ಆಗುತ್ತಿದ್ದದ್ದು.

"ನಾ ಯಾಕ ಹೇಳ್ಲಿರಿ?" ಅಂದೆ. "ಆಯಿ ಗುರುವಾರ ಕನ್ನಡದಿಂದ ಬಂದದ್ದು ಖರೇ. ರೊಕ್ಕದ ಮಾತು ತಗದಿಲ್ಲ."

ಆಯಿಯ ನಗು ಮುಖದ ಮೇಲೆ ಹಾಗೆಯೇ ಇತ್ತು, ಕೆಳಗೆ ಇಳಿಯಲು ಅದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ನನ್ನನ್ನೇ ನೋಡಿದಳು. ಇವರ ಬಿಗಿದ ಮುಷ್ಟಿ ನೋಡಿದಳು. ಮತ್ತೆ ನನ್ನನ್ನು ನೋಡಿದಳು. ಅವಳು ಶಾಪ ಹಾಕುತ್ತಾಳೆ, ಮಣ್ಣು ತೂರುತ್ತಾಳೆ ಎಂದು ನಾನು ಹಲ್ಲು ಕಚ್ಚಿಕೊಂಡು ನಿಂತೆ.

"ಇಲ್ಲಪ್ಪ" ಅಂದಳು ಇವರಿಗೆ. "ಆಕಿ ಏನೂ ಹೇಳಿಲ್ಲ. ಆಕಿ ಮ್ಯಾಲೆ ಸಿಟ್ಟಾಗಬ್ಯಾಡ. ನನಗಽ ವಯಸ್ಸಾತು, ಯಾವ ದಿನ ಯಾವುದು ಅಂತ ತಿಳೀಲಿಲ್ಲ."

ಇವರು ಉಸಿರು ಬಿಟ್ಟರು. ಕಾಗದ ಮಡಚಿದರು. "ಹಾಂಗಿದ್ರ ನಾ ಏನು ಮಾಡ್ಲಿಕ್ಕೂ ಬರೂದಿಲ್ರಿ ಆಯಿ" ಅಂದು ಕಚೇರಿಗೆ ಹೊರಟರು. ಅವರಿಗೆ ಸಂಶಯ ಬಂತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ತಾಳೆಯಾದ ಲೆಕ್ಕವನ್ನು ಮತ್ತೆ ಬಿಚ್ಚಿ ನೋಡುವ ಮನುಷ್ಯ ಅವರಲ್ಲ. ಮನೆಯಲ್ಲಿ ಆ ಮಾತು ಮತ್ತೆ ಬರಲಿಲ್ಲ.

ಎಂಟು ದಿನಕ್ಕೆ ಇಗತಪುರಿಯಿಂದ ಮಗ ಬಂದ. ವಕೀಲರ ಹತ್ತಿರ ಹೋಗೋಣ, ಇವಳು ಹೇಳಿದ್ದಾಳೆಂದು ನೀನು ಕೋರ್ಟಿನಲ್ಲಿ ಹೇಳು ಎಂದು ಅವಳನ್ನು ಬೇಡಿದ, ಬೈದ, ಹಿಂದಿನ ಖೋಲಿಯಲ್ಲಿ ಗೋಡೆಗೆ ಹಣೆ ಚಚ್ಚಿಕೊಂಡ. ನಾನು ಗೋಡೆಯ ಈ ಕಡೆ ಕೂತು ಎಲ್ಲವನ್ನೂ ಕೇಳಿದೆ. ಅವಳದು ಒಂದೇ ಉತ್ತರ, ಆಕೆ ಹೇಳಿಲ್ಲ. ಹೊಲ ಹೋಗಿತ್ತು, ಮನೆ ಹೋಗಿತ್ತು. ಕೈಯಲ್ಲಿದ್ದ ಆರು ಸಾವಿರವನ್ನು ಮಗ ತನ್ನ ಹೆಸರಿಗೆ ಬ್ಯಾಂಕಿನಲ್ಲಿ ಇಟ್ಟನಂತೆ. ನಮ್ಮ ಮನೆಯವರು ಅದನ್ನು ಕೇಳಿ, ಶಾಣ್ಯಾ ಇದ್ದಾನೆ ಎಂದರು.

ಅವಳು ಹೊರಡುವ ದಿನ ತಿಂಗಳಿನ ಹನ್ನೊಂದನೆಯ ತಾರೀಖು. ಮಗ ಟಾಂಗಾ ತರಲು ಹೋಗಿದ್ದ. ಅವಳು ನನ್ನನ್ನು ಕರೆದು ಮನೆಯೆಲ್ಲ ತೋರಿಸಿದಳು. ಮಳೆಗಾಲದಲ್ಲಿ ತಗಡು ಎಲ್ಲಿ ಸೋರುತ್ತದೆ, ನಡುವಿನ ಖೋಲಿಯ ಯಾವ ಮೂಲೆಗೆ ಗೆದ್ದಲು ಬರುತ್ತದೆ, ಬೇಸಿಗೆಯಲ್ಲಿ ನಲ್ಲಿಗೆ ನೀರು ಬರದಿದ್ದರೆ ಓಣಿಯಲ್ಲಿ ಯಾರ ಬಾವಿಗೆ ಹೋಗಬೇಕು. ಎಲ್ಲ ಹೇಳಿ ಮುಗಿಸಿ ನನ್ನ ಕೈ ಹಿಡಿದುಕೊಂಡಳು.

"ನಾ ಸಿಟ್ಟಾಗಿಲ್ಲವ್ವ. ನಿನ್ನ ಗಂಡನ ಗಂಟಲು ನಾ ನಾಲ್ಕು ವರ್ಷ ಕೇಳೀನಿ. ತಾಟು ಎಸದದ್ದೂ ಕೇಳೀನಿ. ಅವತ್ತ ನೀ ಖರೇ ಹೇಳಿದ್ರ ನಿನ್ನ ಹೊಡದು ಹಣ್ಣು ಮಾಡ್ತಿದ್ದ. ಅಂಜಿಕಿಲಿಂದ ಹಾಂಗ ಅಂದಿ, ನನಗ ತಿಳೀತು. ಮನಿ ಏನವ್ವ, ಗ್ವಾಡಿ. ನೀ ಜ್ವಾಕಿ."

ನಮ್ಮ ಮನೆಯವರು ತಟ್ಟೆ ಎಸೆದಿದ್ದಾರೆ, ಕೂಗಿದ್ದಾರೆ. ನನ್ನ ಮೈಮೇಲೆ ಒಂದು ದಿನವೂ ಕೈ ಮಾಡಿದವರಲ್ಲ. ಅದನ್ನು ನಾನು ಅವಳಿಗೆ ಹೇಳಲಿಲ್ಲ.

"ಹೌದ್ರಿ ಆಯಿ" ಅಂದೆ. ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅವಳೂ ಒರೆಸಿಕೊಂಡಳು. ಆಮೇಲೆ ಆ ತಿಂಗಳ ಹನ್ನೊಂದು ದಿನದ ಬಾಡಿಗೆ ಕೇಳಿದೆ. ಅವಳು ಸೊಂಟದ ಸಂಚಿ ಬಿಚ್ಚಿ ಮೂರು ರೂಪಾಯಿ ಎಣಿಸಿ ಕೊಟ್ಟಳು.